ಮೊದಲು ಹಾಡಲಿ, ಆಮೇಲೆ ಊದಲಿ

ಆಗಸ್ಟ್ ತಿಂಗಳು ಹತ್ತಿರ ಬಂತೆಂದರೆ ನಮ್ಮೂರಿನ ಶಾಲೆಗಳಲ್ಲಿ ಒಂದು ಗಡಿಬಿಡಿ ಶುರುವಾಗುತ್ತದೆ. ಬೀರುವಿನ ಮೇಲೆ ವರ್ಷವಿಡೀ ಧೂಳು ತಿಂದ ಡ್ರಮ್ಮುಗಳು ಕೆಳಗಿಳಿಯುತ್ತವೆ. ಹಸಿರು ಬಟ್ಟೆಯಲ್ಲಿ ಸುತ್ತಿಟ್ಟ ಟ್ರಂಪೆಟ್‌ಗಳನ್ನು ಹುಣಸೆಹುಳಿ ಹಾಕಿ ತಿಕ್ಕುವವರೂ ಇದ್ದಾರೆ. ಹದಿನೈದು ದಿನ ಕಿವಿ ತೂತಾಗುವಂತೆ ಊದಾಟ ನಡೆದು, ಧ್ವಜ ಏರಿದ ಮರುದಿನ ಎಲ್ಲವೂ ಮತ್ತೆ ಬೀರುವಿನ ಮೇಲೆ. ಇನ್ನು ಜನವರಿ 26ರವರೆಗೆ ಯಾರಿಗೂ ಅದರ ನೆನಪಿಲ್ಲ.

ನಾನು ಸಂಗೀತದ ಟೀಚರಲ್ಲ. ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷಗಳಿಂದ ಮಕ್ಕಳಿಗೆ ಅಕ್ಬರ, ಅಶೋಕರ ಪಾಠ ಹೇಳುತ್ತ ಬಂದವಳು. ಹುಡುಗಿಯಾಗಿದ್ದಾಗ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಮದುವೆಯಾದ ಮೇಲೆ ಆ ಸಂಗೀತ ದೇವರ ಕೋಣೆಯ ಎರಡು ಹಾಡಿಗೆ ಇಳಿಯಿತು. ನಿಮ್ಮಲ್ಲಿ ಹಲವರ ಕತೆಯೂ ಇದೇ ಇರಬಹುದು. ಆದರೂ ಈ ಲೇಖನ ಬರೆಯುವ ಧೈರ್ಯ ಮಾಡುತ್ತಿದ್ದೇನೆ. ಯಾಕೆಂದರೆ ನಮ್ಮ ಶಾಲೆಗಳಲ್ಲಿ ಊದುವ ವಾದ್ಯವನ್ನು ಕಲಿಸುತ್ತಿರುವ ರೀತಿ ತಪ್ಪು ಎಂದು ನನಗೆ ಖಂಡಿತವಾಗಿ ಅನಿಸಿದೆ. ಆ ತಪ್ಪಿನಲ್ಲಿ ನನ್ನದೂ ಒಂದು ಪಾಲಿದೆ.

ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಗೆ ಹಳೆ ವಿದ್ಯಾರ್ಥಿಗಳು ನಾಲ್ಕು ಟ್ರಂಪೆಟ್ ಕೊಡಿಸಿದರು. ಬ್ಯಾಂಡಿನ ಉಸ್ತುವಾರಿ ನನ್ನ ತಲೆಗೆ ಬಂತು. ಕಲಿಸಲು ಪೇಟೆಯಿಂದ ಒಬ್ಬರು ಬಂದರು. ಒಳ್ಳೆಯ ಮನುಷ್ಯ, ಆದರೆ ಅವರಿಗೂ ಇದ್ದದ್ದು ಎರಡೇ ವಾರ. ಅವರು ಕಪ್ಪುಹಲಗೆಯ ಮೇಲೆ ರಾಷ್ಟ್ರಗೀತೆಯನ್ನು ಅಂಕಿಗಳಲ್ಲಿ ಬರೆದರು. ಸೊನ್ನೆ ಎಂದರೆ ಯಾವ ಗುಂಡಿಯನ್ನೂ ಒತ್ತಬಾರದು, 1-3 ಎಂದರೆ ಒಂದನೆಯದೂ ಮೂರನೆಯದೂ, 1-2 ಎಂದರೆ ಮೊದಲ ಎರಡು. ಮಕ್ಕಳು ಮಗ್ಗಿಯ ಹಾಗೆ ಅದನ್ನು ಬಾಯಿಪಾಠ ಮಾಡಿದರು. ಎಂಟನೇ ತರಗತಿಯ ಒಬ್ಬಳು ಹುಡುಗಿ ಅಭ್ಯಾಸದ ನಡುವೆ ಮೆಲ್ಲಗೆ ರಾಗ ಗುನುಗಿ ನೋಡುತ್ತಿದ್ದಳು. ನಾನು, ಇದೇ ನಾನು, ಅವಳಿಗೆ ಗದರಿದೆ: "ಇದು ಹಾಡಿನ ಕ್ಲಾಸಲ್ಲ ಮಾರಾಯ್ತಿ, ಬಾಯಿಯನ್ನು ಊದಲಿಕ್ಕೆ ಇಟ್ಟುಕೊ."

ಸ್ವಾತಂತ್ರ್ಯ ದಿನದ ಬೆಳಿಗ್ಗೆ ಮೊದಲ ಸ್ವರ ಅವಳದ್ದೇ. ಬೆರಳು ಎತ್ತಿ, ಸೊನ್ನೆ ಎಂದು ಬರೆದಂತೆಯೇ ಊದಿದಳು. ಷಡ್ಜದ ಬದಲು ಪಂಚಮ ಕೂಗಿತು. ಗಾಬರಿಯಾಗಿ ನಿಲ್ಲಿಸಿದಳು. ಊರವರು ನಕ್ಕರು. ಮುಂದಿನ ಸಲದ ಅಭ್ಯಾಸಕ್ಕೆ ನಾನು ಅವಳ ಕೈಯಿಂದ ಟ್ರಂಪೆಟ್ ತೆಗೆದು ಒಬ್ಬ ಹುಡುಗನಿಗೆ ಕೊಟ್ಟೆ, ಅವಳಿಗೆ ತಾಳ ಕೊಟ್ಟೆ. ಅವಳು ತಾಳವನ್ನೂ ಮುಟ್ಟಲಿಲ್ಲ, ಬ್ಯಾಂಡನ್ನೇ ಬಿಟ್ಟಳು. "ಹುಡುಗಿಯರಿಗೆ ಇದು ಆಗುವುದಿಲ್ಲ, ಉಸಿರು ಸಾಲುವುದಿಲ್ಲ" ಎಂದು ಶಿಕ್ಷಕರ ಕೋಣೆಯಲ್ಲಿ ಮಾತಾಯಿತು. ನಾನೂ ತಲೆಯಾಡಿಸಿದೆ.

ಅವಳ ಮನೆ ಶಂಕರಪುರದ ಕಡೆ. ತಾಯಿ ಮಲ್ಲಿಗೆ ಕಟ್ಟುತ್ತಾರೆ. ಅಜ್ಜ ಒಂದು ಕಾಲದಲ್ಲಿ ವಾಲಗಕ್ಕೆ ಹೋಗುತ್ತಿದ್ದವರು, ಮೊದಲು ನಾಗಸ್ವರ, ಕೊನೆಗೆ ಸ್ಯಾಕ್ಸೋಫೋನ್. ಒಂದೆರಡು ವರ್ಷ ಕಳೆದ ಮೇಲೆ ಭಜನಾ ಮಂದಿರದಲ್ಲಿ ಆ ಹುಡುಗಿ ಹಾಡಿದ್ದನ್ನು ಕೇಳಿದೆ. ಒಂದು ಕೂದಲಿನಷ್ಟೂ ಶ್ರುತಿ ಅತ್ತಿತ್ತ ಇಲ್ಲ. ಪಕ್ಕದಲ್ಲಿ ಕುಳಿತಿದ್ದ ಅಜ್ಜನೊಡನೆ, "ಇಷ್ಟು ಚೆಂದ ಹಾಡುವವಳಿಗೆ ಟ್ರಂಪೆಟ್ ಯಾಕೆ ಬರಲಿಲ್ಲವೋ" ಎಂದೆ. ಅವರು ನನ್ನ ಮುಖ ನೋಡಿ ಕೇಳಿದರು: "ಟೀಚರೇ, ನೀವು ಅವಳಿಗೆ ಸ್ವರ ಹೇಳಿಕೊಟ್ಟಿದ್ದಿರಾ?"

"ಇಲ್ಲ ಅಜ್ಜ, ನಂಬರ್ ಕೊಟ್ಟಿದ್ದೆವು."

"ನಂಬರು ರೇಷನ್ ಕಾರ್ಡಿಗೆ ಇರುತ್ತದೆ ಟೀಚರೇ. ಬಾಯಲ್ಲಿ ಬಾರದ್ದು ಕೊಳವೆಯಲ್ಲಿ ಬರುತ್ತದಾ?"

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನವೇ ಬೀರುವಿನಿಂದ ಒಂದು ಟ್ರಂಪೆಟ್ ಇಳಿಸಿ, ಬಾಗಿಲು ಹಾಕಿಕೊಂಡು, ಅದರ ಗುಟ್ಟು ತಿಳಿಯಲು ಹೊರಟೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ಇದರಲ್ಲಿ ಕಷ್ಟದ್ದೇನೂ ಇಲ್ಲ.

ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿದರೆ ಒಂದೇ ಸ್ವರ. ಮಗು ಒತ್ತಿದರೂ ವಿದ್ವಾಂಸರು ಒತ್ತಿದರೂ ಅದೇ. ಟ್ರಂಪೆಟ್ ಹಾಗಲ್ಲ. ಅದಕ್ಕೆ ವಾಲ್ವ್ ಎನ್ನುವ ಮೂರೇ ಗುಂಡಿ. ಎರಡನೆಯದನ್ನು ಒತ್ತಿದರೆ ಸ್ವರ ಅರ್ಧ ಮನೆ ಇಳಿಯುತ್ತದೆ, ಒಂದನೆಯದಕ್ಕೆ ಒಂದು ಮನೆ, ಮೂರನೆಯದಕ್ಕೆ ಒಂದೂವರೆ. ಮೂರನ್ನು ಯಾವ ರೀತಿ ಸೇರಿಸಿದರೂ, ಏನೂ ಒತ್ತದಿರುವುದನ್ನೂ ಲೆಕ್ಕಕ್ಕೆ ಹಿಡಿದರೂ, ಎಂಟೇ ಬಗೆ. ಆದರೆ ಆ ವಾದ್ಯದಲ್ಲಿ ಬರುವ ಸ್ವರಸ್ಥಾನಗಳು ಮೂವತ್ತಕ್ಕೂ ಹೆಚ್ಚು. ಉಳಿದವು ಎಲ್ಲಿಂದ ಬಂದವು? ತುಟಿಯಿಂದ, ಉಸಿರಿನಿಂದ. ಯಾವ ಗುಂಡಿಯನ್ನೂ ಮುಟ್ಟದೆ ಬರಿಯ ಕೊಳವೆಯನ್ನು ಊದಿದರೆ, ತುಟಿ ಬಿಗಿಯಾದ ಹಾಗೆಲ್ಲ, ಸ, ಪ, ಮೇಲಿನ ಸ, ಅದರ ಮೇಲಿನ ಗ, ಮತ್ತೆ ಪ ಎಂದು ಒಂದರ ಮೇಲೊಂದು ಮೆಟ್ಟಿಲು ಏರುತ್ತದೆ. ಶಂಖ ಊದುವವರಲ್ಲಿ ಕೇಳಿ, ಒಂದೇ ಶಂಖದಲ್ಲಿ ಎರಡು ದನಿ ಹೊರಡಿಸುವವರಿದ್ದಾರೆ. ಅದೇ ಗುಟ್ಟು ಇಲ್ಲಿಯೂ.

ಈಗ ಶಂಕರಾಭರಣದ ಸರಳೆಯನ್ನು ಟ್ರಂಪೆಟ್ಟಿನ ಬೆರಳಿಗೆ ಹಚ್ಚಿ ನೋಡಿ. ಸ ಸೊನ್ನೆ, ರಿ 1-3, ಗ 1-2, ಮ 1, ಪ ಸೊನ್ನೆ, ದ 1-2, ನಿ 2, ಮೇಲಿನ ಸ ಸೊನ್ನೆ. ಗಮನಿಸಿದಿರಾ? ಎಂಟು ಸ್ವರಗಳಲ್ಲಿ ಮೂರಕ್ಕೆ ಸೊನ್ನೆ. ಗಾಂಧಾರಕ್ಕೂ ಧೈವತಕ್ಕೂ ಒಂದೇ ಬೆರಳು. ಕಪ್ಪುಹಲಗೆಯ ಮೇಲೆ 'ಸೊನ್ನೆ' ಎಂದು ಬರೆದು ಒಂದು ಮಗುವನ್ನು ಮೈದಾನದ ಮಧ್ಯೆ ನಿಲ್ಲಿಸಿದರೆ, ಅದು ಷಡ್ಜ ಊದಬೇಕೋ ಪಂಚಮ ಊದಬೇಕೋ ತಾರಷಡ್ಜ ಊದಬೇಕೋ? ಅಂಕಿ ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಕಿವಿ ಒಂದೇ. ಊದುವ ಮೊದಲೇ ಆ ಸ್ವರ ಮಗುವಿನ ಮನಸ್ಸಿನಲ್ಲಿ ಕೇಳಿಸಬೇಕು. ಕೇಳಿಸಿದರೆ ತುಟಿ ತಾನಾಗಿ ಅಷ್ಟಕ್ಕೆ ಬಿಗಿಯಾಗುತ್ತದೆ. ಮನಸ್ಸಿನಲ್ಲಿ ಕೇಳಿಸುವಂತೆ ಮಾಡಲು ಮನುಷ್ಯನಿಗೆ ಗೊತ್ತಿರುವ ಅತಿ ಅಗ್ಗದ, ಅತಿ ಹಳೆಯ ಉಪಾಯ ಹಾಡುವುದು.

ಇಷ್ಟು ಹೇಳಿದ ಕೂಡಲೇ ಎದುರುತ್ತರ ಬರುತ್ತದೆ. "ಅದು ಇಂಗ್ಲಿಷ್ ವಾದ್ಯ ಟೀಚರ್, ಅದಕ್ಕೆ ನಿಮ್ಮ ಸರಿಗಮ ಯಾಕೆ?" ಈ ಮಾತನ್ನು ನಮ್ಮ ಕರಾವಳಿಯಲ್ಲಿ ಕುಳಿತು ಆಡುವವರಿಗೆ ನಾಚಿಕೆಯಾಗಬೇಕು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಯಾವ ವಾದ್ಯ ಹಿಡಿದರು? ತಂದೆ ನಾಗಸ್ವರದವರು, ಮಗ ಮೊದಲು ಕಲಿತದ್ದೂ ನಾಗಸ್ವರ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಅದಕ್ಕೆ ಮರುಳಾದರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರರ ಬಳಿ ಕಲಿತು, ಪಾಶ್ಚಾತ್ಯರ ಆ ಹಿತ್ತಾಳೆಯ ಕೊಳವೆಯಿಂದ ಕರ್ನಾಟಕ ಸಂಗೀತ ಹೊರಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಅವರು ತೀರಿಕೊಂಡಾಗ ಊರಿಗೆ ಊರೇ ಮರುಗಿತು. ಇಂದು ನಮ್ಮಲ್ಲಿ ಮದುವೆ ಇರಲಿ, ನೇಮ ಇರಲಿ, ಸ್ಯಾಕ್ಸೋಫೋನ್ ಇಲ್ಲದೆ ಕಳೆ ಇಲ್ಲ. ಆ ಕಲಾವಿದರು ಯಾರೂ ನಂಬರ್ ನೋಡಿ ಕಲಿತವರಲ್ಲ. ಸ್ವರ ಹೇಳಿ ಕಲಿತವರು.

ಇನ್ನು 'ಇಂಗ್ಲಿಷಿನವರು' ಏನು ಮಾಡಿದರು? ಅವರೂ ಹಾಡಿಯೇ ಕಲಿತರು. ಹನ್ನೊಂದನೇ ಶತಮಾನದಲ್ಲಿ ಇಟಲಿಯ ಗೀದೊ ಎಂಬ ಸನ್ಯಾಸಿ ಒಂದು ಸ್ತೋತ್ರದ ಸಾಲುಗಳ ಮೊದಲ ಅಕ್ಷರಗಳನ್ನೇ ಸ್ವರಗಳ ಹೆಸರಾಗಿ ಇಟ್ಟು ಹುಡುಗರಿಗೆ ಹಾಡಲು ಕಲಿಸಿದ. ಅದೇ ಮುಂದೆ ದೊ, ರೆ, ಮಿ ಆಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ನಾರ್ವಿಚ್ ಊರಿನಲ್ಲಿ ಸಾರಾ ಗ್ಲೋವರ್ ಎಂಬ ಹೆಂಗಸು, ನಮ್ಮ ನಿಮ್ಮಂತೆ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ಅದನ್ನು ಬಡಮಕ್ಕಳಿಗೂ ಎಟಕುವಂತೆ ಸರಳ ಮಾಡಿ 1835ರಲ್ಲಿ ಪುಸ್ತಕ ಬರೆದಳು. ಅದನ್ನು ತಿದ್ದಿ ಬೆಳೆಸಿದ ಜಾನ್ ಕರ್ವೆನ್‌ಗೆ ಬಂದಷ್ಟು ಹೆಸರು ಆಕೆಗೆ ಬರಲಿಲ್ಲ. ಇದೂ ನಮಗೆ ಹೊಸ ಕತೆಯಲ್ಲ, ಬಿಡಿ. ಆಕೆಯ ಪದ್ಧತಿಯಲ್ಲಿ 'ದೊ' ಒಂದು ಜಾಗದಲ್ಲಿ ಊರಿ ನಿಲ್ಲುವುದಿಲ್ಲ, ನಮ್ಮ ಷಡ್ಜದ ಹಾಗೆಯೇ ಹಾಡುವವರ ಶ್ರುತಿಗೆ ತಕ್ಕಂತೆ ಸರಿಯುತ್ತದೆ. ಫ್ರಾನ್ಸ್, ಇಟಲಿಗಳಲ್ಲಿ ಹಾಗಲ್ಲ, ಅಲ್ಲಿ 'ದೊ' ಎಂದರೆ ಯಾವಾಗಲೂ ಹಾರ್ಮೋನಿಯಂನ ಒಂದನೇ ಮನೆಯೇ. ನಮ್ಮ ಮಕ್ಕಳಿಗೆ ಸರಿಯುವ ಷಡ್ಜ ತಾಯಿಯ ಹಾಲಿನೊಡನೆ ಬಂದಿದೆ. ಯಾವ ದೇಶದ ಬ್ಯಾಂಡ್ ಮಾಸ್ಟರನಿಗೂ ಸಿಗದ ಈ ಭಾಗ್ಯವನ್ನು ನಾವು ಕಾಲಿನಿಂದ ಒದೆಯುತ್ತಿದ್ದೇವೆ.

ಎರಡನೆಯ ಆಕ್ಷೇಪ: "ಸಮಯವಿಲ್ಲ." ಎಸ್ಸೆಸ್ಸೆಲ್ಸಿ ಫಲಿತಾಂಶ, ಮೇಲಧಿಕಾರಿಗಳ ಭೇಟಿ, ಇವುಗಳ ನಡುವೆ ಹಾಡಿಸುತ್ತ ಕೂರುವವರು ಯಾರು? ನಾನು ಲೆಕ್ಕ ಹೇಳುತ್ತೇನೆ. ಅಭ್ಯಾಸವಿಲ್ಲದ ಮಗುವಿನ ತುಟಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಸೋಲುತ್ತದೆ. ಸೋತ ಮೇಲೂ ಊದಿಸಿದರೆ ಮೌತ್‌ಪೀಸನ್ನು ತುಟಿಗೆ ಒತ್ತಿ ಹಿಡಿದು ಹಟಮಾಡುವುದನ್ನು ಕಲಿಯುತ್ತದೆ. ಆ ಅಭ್ಯಾಸ ಬಿಡಿಸುವುದು ಕಷ್ಟ. ಅಂದರೆ ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ಹೇಗೂ ತುಟಿಗೆ ವಿಶ್ರಾಂತಿ ಬೇಕು. ಆ ಹೊತ್ತಿನಲ್ಲಿ ಹಾಡಿದರೆ ಕಳೆದುಕೊಳ್ಳುವುದೇನು? ಗಂಟಲಿಗೆ ಹಾಡಿನ ದಣಿವು ಬೇರೆ, ತುಟಿಗೆ ಊದಿನ ದಣಿವು ಬೇರೆ.

ನಾನು ಆಮೇಲಿನ ತಂಡಗಳಿಗೆ ಮಾಡಿಸಿದ್ದು ಇಷ್ಟೇ. ಸಾಮಾನ್ಯ ಟ್ರಂಪೆಟ್ಟಿನ ಸೊನ್ನೆಯ ಷಡ್ಜ ನಮ್ಮ ಆರೂವರೆ ಮನೆ ಶ್ರುತಿಗೆ ಸೇರುತ್ತದೆ, ಹಾರ್ಮೋನಿಯಂನವರು ಕರಿ ಐದು ಎನ್ನುವುದೂ ಅದನ್ನೇ. ಮೊಬೈಲಿನಲ್ಲಿ ತಂಬೂರಿ ಹಾಕಿ ಆ ಶ್ರುತಿ ಹಿಡಿಸಿದೆ. ಮೊದಲು ಸ-ಪ-ಸ ಹಾಡುವುದು. ಆಮೇಲೆ ಊದದೆ, ಹಾಡುತ್ತ ಹಾಡುತ್ತ ಗುಂಡಿಗಳ ಮೇಲೆ ಬೆರಳು ಆಡಿಸುವುದು. ಇದರಿಂದ ಸ್ವರಕ್ಕೂ ಬೆರಳಿಗೂ ನಂಟು ಕೂಡುತ್ತದೆ, ಸೊನ್ನೆ ಎಂಬ ಗೊಂದಲ ಹೋಗುತ್ತದೆ. ಮೂರನೆಯದು, ಬರಿಯ ಮೌತ್‌ಪೀಸಿನಲ್ಲಿ ತುಟಿ ಗುಂಯ್ಗುಡಿಸಿ ಅದೇ ಸ್ವರಗಳನ್ನು ಹುಡುಕುವುದು. ಕೊನೆಗೆ ವಾದ್ಯ. ತಪ್ಪಿತೋ, ಮತ್ತೆ ಮತ್ತೆ ಊದಿ ಹಟ ಹಿಡಿಯಬಾರದು. ವಾದ್ಯ ಕೆಳಗಿಟ್ಟು, ಹಾಡಿ, ಮತ್ತೆ ಊದಬೇಕು. ಒಂದು ಎಚ್ಚರಿಕೆ: ನಮ್ಮ ಮಕ್ಕಳು ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬಿರುವ ಮಾಯಾಮಾಳವಗೌಳದ ಸರಳೆಯನ್ನು ಕಲಿತಿರುತ್ತಾರೆ. ಅದರ ರಿ ಮತ್ತು ದ ಅರ್ಧ ಮನೆ ಕೆಳಗಿನವು. ಅವಕ್ಕೆ ಬೆರಳು ಬೇರೆ, ರಿ 1-2-3, ದ 2-3. ರಾಷ್ಟ್ರಗೀತೆ ನುಡಿಸಲು ಶಂಕರಾಭರಣದ ಸ್ವರಗಳಿಂದಲೇ ಶುರು ಮಾಡಬೇಕು. ಇದನ್ನು ಹೇಳದಿದ್ದರೆ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ. ನಾನು ಮೊದಲ ವರ್ಷ ಹೇಳಲಿಲ್ಲ, ಗಲಿಬಿಲಿಗೊಂಡರು.

ಹಾಡಿದರೆ ಸಾಕು, ಊದುವುದು ತಾನಾಗಿ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಉದ್ದ ಉಸಿರಿನಲ್ಲಿ ಒಂದೇ ಸ್ವರವನ್ನು ಹಿಡಿದು ನಿಲ್ಲಿಸುವ ಸಾಧನೆ ಬೇಕೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಎಂಟು ಒಂಬತ್ತನೇ ತರಗತಿಯ ಹುಡುಗರ ಗಂಟಲು ಒಡೆಯುವ ಕಾಲ, ಹಾಡು ಎಂದರೆ ನಾಚಿ ನೆಲ ನೋಡುತ್ತಾರೆ. ಅವರು ಕೆಳಗಿನ ಸ್ಥಾಯಿಯಲ್ಲಿ ಗುನುಗಿದರೂ ಸಾಕು. ನಮ್ಮ ಗುರಿ ಕಚೇರಿಯ ಕಂಠವಲ್ಲ, ಸ್ವರದ ಜಾಗ ತಿಳಿಯುವುದು. ಮೊಬೈಲಿನಲ್ಲಿ ಶ್ರುತಿ ತೋರಿಸುವ ಮುಳ್ಳು ಬಂದಿದೆ, ಅದಿದ್ದರೆ ಸಾಲದೇ ಎನ್ನುವವರೂ ಇದ್ದಾರೆ. ಆ ಮುಳ್ಳು ತಪ್ಪಾದ ಮೇಲೆ ತಪ್ಪು ಎನ್ನುತ್ತದೆ. ಹಾಡಿದ ಮಗುವಿಗೆ ತಪ್ಪುವ ಮೊದಲೇ ಗೊತ್ತಿರುತ್ತದೆ.

ಮೂರನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಹೆಚ್ಚು. ಹುಡುಗಿ ಕೆನ್ನೆ ಉಬ್ಬಿಸಿ ಊದುವುದು ಚೆಂದವಲ್ಲವಂತೆ. ಮೊದಲ ಮಾತು, ಸರಿಯಾಗಿ ಊದುವವರ ಕೆನ್ನೆ ಉಬ್ಬಬೇಕಾಗಿಲ್ಲ. ಎರಡನೆಯದು, ಚೆಂದದ ಲೆಕ್ಕ ಹುಡುಗರಿಗೆ ಯಾಕಿಲ್ಲ? ಬೆಂಗಳೂರಿನ ಲಾವಣ್ಯ, ಸುಬ್ಬಲಕ್ಷ್ಮಿ ಸೋದರಿಯರು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತದ ಕಚೇರಿಗಳನ್ನು ಮಾಡಿದ್ದಾರೆ. ಇಂಗ್ಲೆಂಡಿನ ಆಲಿಸನ್ ಬಾಲ್ಸಮ್ ಜಗತ್ತೇ ಬಲ್ಲ ಟ್ರಂಪೆಟ್ ವಾದಕಿ. ಉಸಿರು ಸಾಲುವುದಿಲ್ಲ ಎಂಬುದನ್ನು ಎರಡು ಕೊಡ ನೀರು ಹೊತ್ತು ಗುಡ್ಡ ಹತ್ತಿದ ನಮ್ಮ ತಾಯಂದಿರ ಎದುರು ನಿಂತು ಹೇಳಲಿ, ನೋಡೋಣ.

ಇಲ್ಲಿಯೇ ಒಂದು ಮುಳ್ಳು ನನ್ನನ್ನು ಚುಚ್ಚುತ್ತದೆ. ಹಾಡದೆ ಕಲಿಸುವ ಪದ್ಧತಿಯಿಂದ ಎಲ್ಲ ಮಕ್ಕಳೂ ಎಡವುತ್ತಾರೆ. ಆದರೆ ಹುಡುಗ ಎಡವಿದರೆ "ಅಭ್ಯಾಸ ಸಾಲದು, ಇನ್ನೊಂದು ಸಲ ಊದು" ಎನ್ನುತ್ತೇವೆ. ಹುಡುಗಿ ಎಡವಿದರೆ "ಇದು ನಿನಗೆ ಹೇಳಿದ್ದಲ್ಲ" ಎನ್ನುತ್ತೇವೆ. ಕೆಟ್ಟ ಪಾಠದ ದಂಡವನ್ನು ಹುಡುಗಿಯರಿಂದ ಹೆಚ್ಚಾಗಿ ವಸೂಲು ಮಾಡುತ್ತೇವೆ. ವಸೂಲು ಮಾಡಿದವಳು ನಾನೇ ಆದ್ದರಿಂದ ಇದನ್ನು ಬಲ್ಲೆ.

ಈಗ ನಿಮ್ಮೊಡನೆ, ಪೇಟೆಯ ಮನೆಗಳಲ್ಲಿರುವ ನನ್ನ ಅಕ್ಕ ತಂಗಿಯರೊಡನೆ, ಎರಡು ಮಾತು. ಉಡುಪಿ, ಮಣಿಪಾಲಗಳ ಬಾಡಿಗೆ ಮನೆಯಲ್ಲಿ ಮಗು ಟ್ರಂಪೆಟ್ ತೆಗೆದರೆ ಕೆಳಗಿನ ಮನೆಯವರು ಬಾಗಿಲು ಬಡಿಯುತ್ತಾರೆ ಎಂದು ನೀವು ಹೇಳುತ್ತೀರಿ. ಒಪ್ಪುತ್ತೇನೆ. ಆದರೆ ಹಾಡಿದರೆ ಯಾರು ಬಡಿಯುತ್ತಾರೆ? ಅಭ್ಯಾಸದ ಮುಕ್ಕಾಲು ಪಾಲನ್ನು ಅಡುಗೆಮನೆಯ ಕಟ್ಟೆಯ ಪಕ್ಕ ನಿಂತು ಹಾಡಿಯೇ ಮುಗಿಸಬಹುದು. ಅದಕ್ಕೆ ಮೇಷ್ಟ್ರು ನೀವೇ. ನಿಮಗೆ ಟ್ರಂಪೆಟ್ ಹಿಡಿಯಲು ಬರಬೇಕಾಗಿಲ್ಲ. ಹುಡುಗಿಯಾಗಿದ್ದಾಗ ಕಲಿತು ಬಿಟ್ಟ ಸರಳೆ, ಜಂಟಿ, ಅಲಂಕಾರ ಎಲ್ಲಿಯೂ ಹೋಗಿರುವುದಿಲ್ಲ. ಕರೆದರೆ ಬರುತ್ತದೆ. ಸಂಗೀತ ಕಲಿಯದವರು ಭಜನೆ ಹಾಡಿಲ್ಲವೇ? ಚರ್ಚಿನ ಕ್ವಾಯರ್‌ನಲ್ಲಿ ಹಾಡಿದವರಿಗೆ ದೊ ರೆ ಮಿ ಗೊತ್ತು, ಅದೂ ಆದೀತು. ಮಗು ಸೊನ್ನೆ ಎಂದಾಗ "ಯಾವ ಸೊನ್ನೆ, ಸನೋ ಪನೋ? ಹಾಡಿ ತೋರಿಸು" ಎಂದು ಕೇಳಿದರೆ ನಿಮ್ಮ ಕೆಲಸ ಮುಗಿಯಿತು.

ಶಂಕರಪುರದ ಮನೆಗಳಲ್ಲಿ ಬೆಳಿಗ್ಗೆ ಹೂ ಕೊಯ್ದು ತಂದು ಹೆಂಗಸರು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟೆಗೆ ಮುಟ್ಟಿಸುವ ಹೊತ್ತಿನೊಳಗೆ ಮುಗಿಯಬೇಕು. ಕೈಗೆ ಬಿಡುವಿಲ್ಲ, ಕಣ್ಣಿಗೆ ಬಿಡುವಿಲ್ಲ, ಬಾಯಿಗೆ ಮಾತ್ರ ಬಿಡುವು. ಆಮೇಲಿನ ತಂಡದ ಒಬ್ಬ ಹುಡುಗಿಯ ತಾಯಿ ಹೂ ಕಟ್ಟುತ್ತಲೇ ಮಗಳ ಜೊತೆ ಸ-ಪ-ಸ ಹೇಳುತ್ತಿದ್ದರು. ಅವರು ಏಳನೇ ತರಗತಿಗೆ ಶಾಲೆ ಬಿಟ್ಟವರು, ಸಂಗೀತದ ಪುಸ್ತಕ ಕಂಡವರಲ್ಲ. "ನನಗೆ ಇದು ಇಷ್ಟು ದಿವಸ ಯಾಕೆ ಯಾರೂ ಹೇಳಿರಲಿಲ್ಲ ಟೀಚರ್?" ಎಂದು ಕೇಳಿದರು. ಆ ವರ್ಷ ಮೈದಾನದಲ್ಲಿ ಮೊದಲ ಸ್ವರ ಷಡ್ಜವಾಗಿಯೇ ಬಂತು. ನುಡಿಸಿದ್ದು ಅವರ ಮಗಳು.

ಆದರೆ ನಾನು ಟ್ರಂಪೆಟ್ ಕಿತ್ತುಕೊಂಡ ಹುಡುಗಿ ತಿರುಗಿ ಬರಲಿಲ್ಲ. ಹತ್ತನೇ ತರಗತಿಯ ಓದು ಎಂದಳು, ಆಮೇಲೆ ಕಾಲೇಜು ಎಂದಳು. ಕಳೆದ ವರ್ಷ ಕಾಪುವಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸಿಕ್ಕಿದಳು, ಮಣಿಪಾಲದಲ್ಲಿ ಕೆಲಸಕ್ಕೆ ಹೋಗುತ್ತಾಳಂತೆ. ಮಾತಿಗೆ ಮಾತು ಬಂದು, ಸೊನ್ನೆಯ ಗುಟ್ಟನ್ನೆಲ್ಲ ಅವಳಿಗೆ ವಿವರಿಸಿದೆ. ಸುಮ್ಮನೆ ಕೇಳಿದಳು. ಆಮೇಲೆ ಕೇಳಿದಳು: "ಹಾಗಾದರೆ ಆವತ್ತು ನನ್ನ ಬೆರಳು ತಪ್ಪಿರಲಿಲ್ಲ, ಅಲ್ವಾ ಟೀಚರ್?"

"ಇಲ್ಲ ಮಗಾ, ಬೆರಳು ಸರಿಯಿತ್ತು. ನಾವು ಹೇಳಿಕೊಟ್ಟದ್ದು ತಪ್ಪಾಗಿತ್ತು" ಎಂದೆ. ಅಷ್ಟರಲ್ಲಿ ಅವಳ ಬಸ್ಸು ಬಂತು.

ಈ ಉತ್ತರವನ್ನು ಹೇಳಲು ನನಗೆ ಅಷ್ಟು ವರ್ಷ ಬೇಕಾಯಿತು. ನಿಮ್ಮ ಮಕ್ಕಳ ಶಾಲೆಯಲ್ಲಿ ಬ್ಯಾಂಡ್ ಇದ್ದರೆ, ಬರುವ ಪೋಷಕರ ಸಭೆಯಲ್ಲಿ ಫಲಿತಾಂಶದ ಮಾತು ಮುಗಿದ ಮೇಲೆ ಎದ್ದು ನಿಂತು ಕೇಳಿ: ಊದುವ ಮಕ್ಕಳಿಗೆ ಸ್ವರ ಹಾಡಿಸುತ್ತೀರಾ? ಟ್ರಂಪೆಟ್ ಹುಡುಗಿಯರಿಗೂ ಕೊಡುತ್ತೀರಾ? ವಾದ್ಯಗಳು ಆಗಸ್ಟ್ 16ರಂದು ಬೀರುವಿನ ಮೇಲೆ ಹೋಗುತ್ತವೆಯೋ, ಮಕ್ಕಳ ಕೈಯಲ್ಲಿ ಉಳಿಯುತ್ತವೆಯೋ? ದುಡ್ಡಿನ ಪ್ರಶ್ನೆ ಎಂದರೆ ಹೇಳಿ, ಹಾಡಲಿಕ್ಕೆ ದುಡ್ಡು ಬೇಡ. ನಕ್ಕರೆ ನಗಲಿ. ಆ ಹುಡುಗಿಯನ್ನು ನೋಡಿಯೂ ಊರು ನಕ್ಕಿತ್ತು.